ಅಪ್‌ಡೇಟ್: ಟೆಕ್ಸಾಸ್ ಗನ್ ಲೈಸೆನ್ಸ್ ಕ್ಯಾಲಿಫೋರ್ನಿಯಾದಲ್ಲಿ ನಡೆಯತ್ತಾ ಅಂತ ಕೇಳಿದ್ದೆನಲ್ಲ

ಡಲ್ಲಾಸ್‌ನಿಂದ ಲಾಸ್ ಏಂಜಲಿಸ್‌ಗೆ ಕಾರಲ್ಲಿ ಹೋಗುವಾಗ ಪಿಸ್ತೂಲು ಸೊಂಟದಲ್ಲಿ ಇಟ್ಟುಕೊಳ್ಳಬಹುದಾ ಅನ್ನೋದು ನನ್ನ ಪ್ರಶ್ನೆ. ಹೋಗಿ ಬಂದಾಯ್ತು, ತೊಂದರೆ ಏನೂ ಆಗಲಿಲ್ಲ.

ನ್ಯೂ ಮೆಕ್ಸಿಕೋ ಟೆಕ್ಸಾಸ್ ಲೈಸೆನ್ಸನ್ನ ಒಪ್ಪುತ್ತೆ. ಅರಿಜೋನಾದಲ್ಲಿ 21 ದಾಟಿದವರಿಗೆ ಲೈಸೆನ್ಸೇ ಬೇಡ. ಕ್ಯಾಲಿಫೋರ್ನಿಯಾ ಮಾತ್ರ ಬೇರೆ ಯಾವ ರಾಜ್ಯದ ಪರ್ಮಿಟ್ಟನ್ನೂ ಲೆಕ್ಕಕ್ಕೇ ತಗೊಳ್ಳಲ್ಲ. ಹಾಗಾಗಿ ‘ಯೂಟಾದ ನಾನ್-ರೆಸಿಡೆಂಟ್ ಪರ್ಮಿಟ್ (ಆ ರಾಜ್ಯದಲ್ಲಿ ವಾಸ ಇಲ್ಲದವರಿಗೂ ಕೊಡೋ ಲೈಸೆನ್ಸ್) ಮಾಡಿಸಿ’ ಅನ್ನೋ ನಿಮ್ಮಲ್ಲಿ ಕೆಲವರ ಸಲಹೆ ಇಲ್ಲಿ ಉಪಯೋಗಕ್ಕೆ ಬರಲಿಲ್ಲ. ರಾಜ್ಯಗಳನ್ನ ದಾಟಿ ಗನ್ ಸಾಗಿಸೋರಿಗೆ 1986ರ ಕೇಂದ್ರ ಕಾನೂನಿನ ರಕ್ಷಣೆ ಇದೆ ಅಂದವರಿಗೂ ಒಂದು ಮಾತು: ಹೊರಡೋ ಕಡೆ, ತಲುಪೋ ಕಡೆ ಎರಡರಲ್ಲೂ ಗನ್ ಒಯ್ಯೋ ಹಕ್ಕಿದ್ದವರಿಗಷ್ಟೇ ಅದು.

ಕೆಲಸಕ್ಕೆ ಬಂದಿದ್ದು ‘ಗನ್‌ನಿಂದ ಗುಂಡು ತೆಗೆದು ಖಾಲಿ ಮಾಡಿ, ಪೆಟ್ಟಿಗೆಗೆ ಬೀಗ ಹಾಕಿ, ಡಿಕ್ಕಿಯಲ್ಲಿಡಿ’ ಅಂದವರ ಸಲಹೆ. ಕ್ಯಾಲಿಫೋರ್ನಿಯಾ ಗಡಿಗೆ ಮುಂಚೆ, ಅರಿಜೋನಾದ ಕಿಂಗ್‌ಮನ್ ಊರಲ್ಲೇ ಆ ಕೆಲಸ ಮುಗಿಸಿದೆ. ಗ್ಲವ್ ಬಾಕ್ಸಿಗೆ ಬೀಗ ಇದ್ದರೂ ಅದು ನಡೆಯಲ್ಲ, ನೆನಪಿರಲಿ.

ನನಗೆ ಆಶ್ಚರ್ಯ ಆಗಿದ್ದು ಮ್ಯಾಗಜಿನ್ (ಗನ್‌ಗೆ ಗುಂಡು ತುಂಬೋ ಡಬ್ಬಿ) ವಿಷಯ. ಹತ್ತಕ್ಕಿಂತ ಹೆಚ್ಚು ಗುಂಡು ಹಿಡಿಯೋದನ್ನ ಕ್ಯಾಲಿಫೋರ್ನಿಯಾದೊಳಗೆ ತರೋದೇ ಅಪರಾಧವಂತೆ; ಗನ್ ಬಗ್ಗೆ ಇಷ್ಟು ತಲೆ ಕೆಡಿಸಿಕೊಂಡವರು ಯಾರೂ ಅದನ್ನ ಹೇಳಿರಲಿಲ್ಲ! ನನ್ನ ಹದಿನೈದರದ್ದನ್ನ ಮನೆಯಲ್ಲೇ ಬಿಟ್ಟು ಹತ್ತರದ್ದು ಕೊಂಡೆ. ಇನ್ನೊಂದು ವಿಷಯ: ನಾನು ಹೋದ ಐ-40 ಹೆದ್ದಾರಿ ನ್ಯೂ ಮೆಕ್ಸಿಕೋದಲ್ಲಿ ಲಗೂನಾ, ಅಕೋಮಾ ಪ್ವೆಬ್ಲೋಗಳ (ಮೂಲನಿವಾಸಿ ಬುಡಕಟ್ಟು ಸಮುದಾಯಗಳ) ನೆಲದ ಮೇಲೂ ಹಾಯುತ್ತೆ. ಬುಡಕಟ್ಟು ಪ್ರದೇಶದಲ್ಲಿ ಅವರದೇ ಕಾನೂನು, ರಾಜ್ಯದ ಪರ್ಮಿಟ್ ತಾನಾಗೇ ಅನ್ವಯಿಸಲ್ಲ.

ಎಚ್-1ಬಿ ಕೆಲಸದ ವೀಸಾದಲ್ಲಿರೋರು ಕೇಳ್ತಿದ್ದಿರಿ: ಬೇಟೆ ಲೈಸೆನ್ಸಿನಂಥ ಕೆಲವು ವಿನಾಯಿತಿ ಬಿಟ್ಟರೆ ನಿಮಗೆ ಗನ್ ಇಟ್ಟುಕೊಳ್ಳೋಕೇ ಅವಕಾಶವಿಲ್ಲ, ಪರ್ಮಿಟ್ ಆಮೇಲಿನ ಮಾತು.

ಅಂದಹಾಗೆ, ಕ್ಯಾಲಿಫೋರ್ನಿಯಾ ಗಡಿಯ ನೀಡಲ್ಸ್ ಊರಿನ ಕೃಷಿ ತಪಾಸಣಾ ಠಾಣೆಯಲ್ಲಿ ಕೇಳಿದ್ದು ಇಷ್ಟೇ: ಹಣ್ಣುಗಿಣ್ಣು ಏನಾದ್ರೂ ತಂದಿದ್ದೀರಾ?