ಮನೋವಿಜ್ಞಾನದ ಎಲ್ಲ ಶಾಖೆಗಳನ್ನೂ ಮತ್ತೆ ಓದಿಕೊಳ್ಳುವುದು ಹೇಗೆ? ಅನುಭವವಿದ್ದವರು ತಿಳಿಸಿ

ಪ್ರಶ್ನೆ: ಬಿ.ಎ.ಯಲ್ಲಿ ಮನೋವಿಜ್ಞಾನ ನನ್ನ ಐಚ್ಛಿಕ ವಿಷಯವಾಗಿತ್ತು. ಮದುವೆ, ಮಗು ಎಂದು ಕೆಲವು ವರ್ಷ ಪುಸ್ತಕ ಮುಟ್ಟಲಿಲ್ಲ. ಈಗ ಎಂ.ಎಸ್ಸಿ. ಪ್ರವೇಶ ಪರೀಕ್ಷೆ ಬರೆಯಬೇಕು. ಕಲಿಕೆ, ವಿಕಾಸ, ಸಾಮಾಜಿಕ, ಅಪಸಾಮಾನ್ಯ (ಮನೋರೋಗಗಳ ಅಧ್ಯಯನ), ಮಿದುಳು, ಸಂಖ್ಯಾಶಾಸ್ತ್ರ ಎಲ್ಲವನ್ನೂ ಮೊದಲಿನಿಂದ ಓದಲು ಸಮಯವಿಲ್ಲ. ಓದಿದರೂ ವಿಕಾಸದ ಹಂತಗಳ ಬಗ್ಗೆ ಪಿಯಾಜೆ ಹೇಳಿದ್ದನ್ನು ಎರಿಕ್‌ಸನ್ ಹೆಸರಿಗೆ ಬರೆಯುತ್ತಿದ್ದೇನೆ. ನೀವೆಲ್ಲ ಹೇಗೆ ಓದಿದಿರಿ?

ಪದವಿ ಕಾಲೇಜಿನ ಉಪನ್ಯಾಸಕಿ: ಶಾಖೆಗೊಂದು ಪುಸ್ತಕ ಹಿಡಿದು ಕೂರಬೇಡಿ. ಬಹು ಆಯ್ಕೆಯ ಪ್ರಶ್ನೆಯಲ್ಲಿ ತಪ್ಪು ಉತ್ತರಗಳು ಬರುವುದು ಪಕ್ಕದ ಪರಿಕಲ್ಪನೆಯಿಂದಲೇ. ಆದ್ದರಿಂದ ಒಂದಕ್ಕೊಂದು ಕಲಸಿಹೋಗುವವುಗಳನ್ನು ಜೋಡಿ ಮಾಡಿಕೊಂಡು ಓದಿ.

ಪಾವ್ಲೊವ್‌ನ ನಾಯಿ ಏನನ್ನೂ ಮಾಡಬೇಕಾಗಿಲ್ಲ, ಆಹಾರದ ಸುಳಿವು ಸಿಕ್ಕರೆ ಜೊಲ್ಲು ತಾನಾಗಿ ಸುರಿಯುತ್ತದೆ. ಸ್ಕಿನ್ನರ್‌ನ ಇಲಿ ಹಿಡಿಕೆ ಒತ್ತಿದರೆ ಮಾತ್ರ ಕಾಳು. ಶಾಸ್ತ್ರೀಯ ಅನುಬಂಧನ (ಪಾವ್ಲೊವ್) ಮತ್ತು ಕ್ರಿಯಾಜನ್ಯ ಅನುಬಂಧನ (ಸ್ಕಿನ್ನರ್) ಎಂಬ ಎರಡು ಬಗೆಯ ಕಲಿಕೆಗಳ ಅಂತರ ಇದೇ. ಮುಂದಿನ ಜೋಡಿ ಋಣಾತ್ಮಕ ಪುನರ್ಬಲನ (ಬೇಡದ್ದನ್ನು ತೆಗೆದು ವರ್ತನೆ ಹೆಚ್ಚಿಸುವುದು) ಮತ್ತು ಶಿಕ್ಷೆ. ಪ್ರತಿ ವರ್ಷವೂ ತರಗತಿಯಲ್ಲಿ ಬಹಳ ಮಂದಿ ಜಾರುವುದು ಇಲ್ಲಿಯೇ. ಎರಡು ಪ್ರಶ್ನೆ ಕೇಳಿಕೊಳ್ಳಿ: ಕೊಟ್ಟರೋ, ತೆಗೆದರೋ? ವರ್ತನೆ ಹೆಚ್ಚಿತೋ, ತಗ್ಗಿತೋ? ಸೀಟ್‌ಬೆಲ್ಟ್ ಹಾಕಿದೊಡನೆ ಕಾರಿನ ಕಿರಿಕಿರಿಯ ಸದ್ದು ನಿಲ್ಲುತ್ತದೆ, ಅದಕ್ಕಾಗಿಯೇ ಬೆಲ್ಟ್ ಹಾಕುವ ಅಭ್ಯಾಸ ಬೆಳೆಯುತ್ತದೆ. ಅದು ಋಣಾತ್ಮಕ ಪುನರ್ಬಲನ. ಹೆಲ್ಮೆಟ್ ಇಲ್ಲದ್ದಕ್ಕೆ ಪೊಲೀಸರು ದಂಡ ಹಾಕಿದರು, ಮತ್ತೆ ಬರಿತಲೆಯಲ್ಲಿ ಹೊರಡುವುದು ನಿಂತಿತು. ಇಲ್ಲಿಯೂ ಜೇಬಿನಿಂದ ಹಣ ತೆಗೆದಿದ್ದಾರೆ, ಆದರೆ ವರ್ತನೆ ತಗ್ಗಿದ್ದರಿಂದ ಇದು ಶಿಕ್ಷೆ.

ವಿಕಾಸಕ್ಕೆ ಒಂದು ಹಾಳೆಯಲ್ಲಿ ವಯಸ್ಸಿನ ಗೆರೆ ಎಳೆದು, ಅದರ ಕೆಳಗೆ ಪಿಯಾಜೆ ಮತ್ತು ಎರಿಕ್‌ಸನ್ ಹಂತಗಳನ್ನು ಒಂದರ ಕೆಳಗೊಂದು ಬರೆಯಿರಿ. ಆಲೋಚನೆ ಹೇಗೆ ಬೆಳೆಯುತ್ತದೆ ಎನ್ನುವ ಪಿಯಾಜೆಯ 4 ಹಂತಗಳಲ್ಲಿ ಕೊನೆಯದು ಹದಿಹರೆಯದ ಹೊಸ್ತಿಲಲ್ಲೇ ಆರಂಭವಾಗುತ್ತದೆ. ಎರಿಕ್‌ಸನ್‌ನ 8 ಹಂತಗಳು ಮುಪ್ಪಿನವರೆಗೂ ಹೋಗುತ್ತವೆ, ಅವು ತನ್ನತನ ಮತ್ತು ಸಂಬಂಧಗಳ ಬಿಕ್ಕಟ್ಟುಗಳು. ಕೋಲ್‌ಬರ್ಗ್‌ನ ನೈತಿಕ ಚಿಂತನೆಯ 6 ಹಂತಗಳನ್ನು ಆ ಗೆರೆಗೆ ಕಟ್ಟಿಹಾಕಬೇಡಿ. ಸಾಯುತ್ತಿರುವ ಹೆಂಡತಿಗಾಗಿ ಹೈನ್ಜ್ ಎಂಬಾತ ಔಷಧ ಕದಿಯಬೇಕೇ ಎಂದು ಕೋಲ್‌ಬರ್ಗ್ ಕೇಳಿದಾಗ ಹೌದು, ಅಲ್ಲ ಎನ್ನುವುದಕ್ಕೆ ಬೆಲೆಯಿಲ್ಲ. ಕೊಟ್ಟ ಕಾರಣವೇ ಹಂತವನ್ನು ತೀರ್ಮಾನಿಸುತ್ತದೆ.

ಕಳೆದ ವರ್ಷ ಪ್ರವೇಶ ಪಡೆದ ವಿದ್ಯಾರ್ಥಿ: ಅಕ್ಕ, ಪುಸ್ತಕ ಮುಚ್ಚಿಟ್ಟು ನೆನಪಿನಿಂದ ಬರೆಯಿರಿ. ನನಗೆ ಕೈ ಹಿಡಿದದ್ದು ಇದೊಂದೇ. 2006ರಲ್ಲಿ ರೋಡಿಗರ್ ಮತ್ತು ಕಾರ್ಪಿಕೆ ಮಾಡಿದ ಪ್ರಯೋಗವೂ ಇದನ್ನೇ ತೋರಿಸಿತು. ಐದು ನಿಮಿಷದ ನಂತರ ಪರೀಕ್ಷಿಸಿದಾಗ ಮತ್ತೆ ಮತ್ತೆ ಓದಿದವರು ಮುಂದಿದ್ದರು, ಒಂದು ವಾರದ ನಂತರ ಪರೀಕ್ಷಿಸಿದಾಗ ನೆನಪಿನಿಂದ ಬರೆದು ಅಭ್ಯಾಸ ಮಾಡಿದವರು. ನಾಲ್ಕು ಬಣ್ಣದ ಹೈಲೈಟರ್ ಕೊಳ್ಳುವ ಹಣದಲ್ಲಿ ಬಿಳಿ ಹಾಳೆ ಕೊಳ್ಳಿ.

ಮನೋರೋಗ ವಿಭಾಗದ ಶುಶ್ರೂಷಕಿ: ಅಪಸಾಮಾನ್ಯ ಮನೋವಿಜ್ಞಾನಕ್ಕೆ ಹಳೆಯ ನೋಟ್ಸ್ ನಂಬಬೇಡಿ. ಮನೋರೋಗಗಳನ್ನು ಗುರುತಿಸಲು ಬಳಸುವ ಅಮೆರಿಕದ ಕೈಪಿಡಿಯಾದ, 2013ರಲ್ಲಿ ಬಂದ ಡಿಎಸ್‌ಎಂ-5ರಲ್ಲಿ ರೋಗಿಯನ್ನು ಐದು ಬದಿಯಿಂದ ಅಳೆಯುವ ಹಳೆಯ ಐದು ಅಕ್ಷಗಳ ಪದ್ಧತಿ ಇಲ್ಲ, ಸ್ಕಿಜೋಫ್ರೀನಿಯಾದ ಪ್ಯಾರನಾಯ್ಡ್ ಮುಂತಾದ ಉಪವಿಧಗಳೂ ಇಲ್ಲ. ಅವುಗಳ ಮೇಲೆ ಗೀಟು ಹಾಕಿ. ಅವಧಿಗಳನ್ನು ಮಾತ್ರ ಬಾಯಿಪಾಠ ಮಾಡಲೇಬೇಕು: ಖಿನ್ನತೆಗೆ ಕನಿಷ್ಠ 2 ವಾರ, ಮೇನಿಯಾಕ್ಕೆ (ಅತಿಯಾದ ಉತ್ಸಾಹ, ಚಟುವಟಿಕೆಯ ಸ್ಥಿತಿ) 1 ವಾರ, ಅದರ ಸೌಮ್ಯ ರೂಪವಾದ ಹೈಪೋಮೇನಿಯಾಕ್ಕೆ 4 ದಿನ, ಸ್ಕಿಜೋಫ್ರೀನಿಯಾಕ್ಕೆ 6 ತಿಂಗಳು. ಯಾರೂ ಇಲ್ಲದಿದ್ದರೂ ದನಿ ಕೇಳಿಸುವುದು ಹ್ಯಾಲ್ಯುಸಿನೇಷನ್. ಪಕ್ಕದ ಮನೆಯವರು ನನ್ನ ಅನ್ನಕ್ಕೆ ವಿಷ ಹಾಕುತ್ತಿದ್ದಾರೆ ಎಂದು, ಎಷ್ಟು ಪುರಾವೆ ಕೊಟ್ಟರೂ ಬಿಡದೆ ನಂಬುವುದು ಡೆಲ್ಯೂಷನ್. ಇನ್ನೊಂದು ಮಾತು, ಸ್ಕಿಜೋಫ್ರೀನಿಯಾ ಎಂದರೆ ಒಬ್ಬರೊಳಗೆ ಇಬ್ಬರು ಇರುವುದಲ್ಲ. ಸಿನಿಮಾದವರಿಗೆ ಇದನ್ನು ಹೇಳಿ ಹೇಳಿ ಸಾಕಾಗಿದೆ.

ನಿವೃತ್ತ ಪ್ರಾಧ್ಯಾಪಕರು: ಸಾಮಾಜಿಕ ಮನೋವಿಜ್ಞಾನದಲ್ಲಿ ಪ್ರಯೋಗಗಳನ್ನು ಕಥೆಯಾಗಿ ಅಷ್ಟೇ ಓದಬೇಡಮ್ಮ. ಆಶ್ ಅಳೆದದ್ದು ಸರೀಕರ ಒತ್ತಡ, ಮಿಲ್‌ಗ್ರಾಂ ಅಳೆದದ್ದು ಅಧಿಕಾರಕ್ಕೆ ತಲೆಬಾಗುವುದನ್ನು. 1963ರಲ್ಲಿ ಪ್ರಕಟವಾದ ಆತನ ಪ್ರಯೋಗದಲ್ಲಿ ಅಧಿಕಾರಿಯ ಮಾತಿನಂತೆ ಇನ್ನೊಬ್ಬನಿಗೆ ವಿದ್ಯುತ್ ಆಘಾತ ಕೊಡುತ್ತಿದ್ದೇವೆ ಎಂದು ನಂಬಿದ 40 ಮಂದಿಯಲ್ಲಿ 26 ಮಂದಿ 450 ವೋಲ್ಟಿನವರೆಗೂ ಹೋದರು ಎನ್ನುವುದು ಎಲ್ಲರಿಗೂ ಗೊತ್ತು. ಅಧಿಕಾರಿ ಕೋಣೆಯಿಂದ ಹೊರಗೆ ಹೋಗಿ ಫೋನಿನಲ್ಲಿ ಆಜ್ಞೆ ಕೊಟ್ಟಾಗ ವಿಧೇಯತೆ ತೀರಾ ಇಳಿಯಿತು ಎನ್ನುವುದನ್ನು ಯಾರೂ ಓದುವುದಿಲ್ಲ. ಪ್ರಯೋಗದ ಜೀವ ಇರುವುದು ಆ ಬದಲಾವಣೆಗಳಲ್ಲಿ. ವಿದ್ಯಾರ್ಥಿಗಳಿಗೆ ಕೈದಿ, ಕಾವಲುಗಾರರ ಪಾತ್ರ ಕೊಟ್ಟ 1971ರ ಸ್ಟ್ಯಾನ್‌ಫರ್ಡ್ ಸೆರೆಮನೆ ಪ್ರಯೋಗದಲ್ಲಿ ಕಾವಲುಗಾರರಿಗೆ ಮೊದಲೇ ಸೂಚನೆ ಸಿಕ್ಕಿತ್ತು ಎಂಬ ಗಂಭೀರ ಟೀಕೆ ಇದೆ, ಅದನ್ನೂ ಪಕ್ಕದಲ್ಲಿ ಬರೆದುಕೊಳ್ಳಿ. ಸಂದರ್ಶನವಿದ್ದರೆ ಉಪಯೋಗಕ್ಕೆ ಬರುತ್ತದೆ.

ಇತಿಹಾಸದಲ್ಲಿ ವುಂಟ್, ಲೈಪ್‌ಜಿಗ್, 1879 ಎಂದು ಮೊದಲ ಮನೋವಿಜ್ಞಾನ ಪ್ರಯೋಗಾಲಯದ ಬಗ್ಗೆ ಎಲ್ಲರೂ ಬರೆಯುತ್ತಾರೆ. ಮೈಸೂರಿನಲ್ಲಿ 1924ರಲ್ಲಿ ಮನೋವಿಜ್ಞಾನ ವಿಭಾಗವನ್ನು ಕಟ್ಟಿದ ಎಂ.ವಿ. ಗೋಪಾಲಸ್ವಾಮಿಯವರನ್ನೂ ಮರೆಯಬೇಡಿ. 1935ರಲ್ಲಿ ತಮ್ಮ ಮನೆಯಿಂದ ಆಕಾಶವಾಣಿ ಎಂಬ ಬಾನುಲಿ ಕೇಂದ್ರ ನಡೆಸಲು ತೊಡಗಿದವರೂ ಅವರೇ. ಪರೀಕ್ಷೆಗೆ ಬಾರದಿದ್ದರೂ ತಿಳಿದಿರಲಿ.

ಪ್ರಶ್ನೆ ಕೇಳಿದವರು: ಎಲ್ಲರಿಗೂ ಧನ್ಯವಾದ. ಮಿದುಳಿನ ಭಾಗಗಳ ಪಟ್ಟಿ ಮಾತ್ರ ಎಷ್ಟು ಓದಿದರೂ ನಿಲ್ಲುತ್ತಿಲ್ಲ.

ಉಪನ್ಯಾಸಕಿ: ಪಟ್ಟಿ ಬಿಡಿ, ರೋಗಿಗಳನ್ನು ಹಿಡಿಯಿರಿ. 1953ರಲ್ಲಿ ಅಪಸ್ಮಾರದ ಶಸ್ತ್ರಚಿಕಿತ್ಸೆಗಾಗಿ ಎಚ್.ಎಂ. ಎಂಬಾತನ ಮಿದುಳಿನ ಎರಡೂ ಬದಿಯಿಂದ, ಹೊಸ ನೆನಪು ಕಟ್ಟುವ ಭಾಗವಾದ ಹಿಪೊಕ್ಯಾಂಪಸ್‌ನ ಬಹುಭಾಗ ತೆಗೆದರು. ಹೊಸದಾಗಿ ಭೇಟಿಯಾದವರು ಆತನ ನೆನಪಿನಲ್ಲಿ ಉಳಿಯಲಿಲ್ಲ. ಆದರೆ ಕನ್ನಡಿಯಲ್ಲಿ ನೋಡಿಕೊಂಡು ನಕ್ಷತ್ರದ ಗೆರೆ ತಿದ್ದುವುದರಲ್ಲಿ ದಿನದಿಂದ ದಿನಕ್ಕೆ ಪಳಗಿದ, ಹಿಂದೆ ತಿದ್ದಿದ್ದೆ ಎಂಬುದೇ ನೆನಪಿಲ್ಲದೆ! ಸಂಗತಿಗಳ ನೆನಪು ಬೇರೆ, ಕೈಗೂಡಿದ ಕೌಶಲದ ನೆನಪು ಬೇರೆ ಎಂದು ಹೇಳಲು ಇವನೊಬ್ಬ ಸಾಕು. ಮಾತಿಗೆ ಸಂಬಂಧಿಸಿದ ಮಿದುಳಿನ ಭಾಗಗಳನ್ನು ಗುರುತಿಸಿದ ವೈದ್ಯರಲ್ಲಿ ಬ್ರೋಕನ ರೋಗಿಗೆ ಮಾತು ಅರ್ಥವಾಗುತ್ತಿತ್ತು, ಬಾಯಿಂದ ಹೊರಡುತ್ತಿದ್ದುದು ‘ಟಾನ್’ ಮಾತ್ರ. ವೆರ್ನಿಕೆಯ ರೋಗಿಗಳು ಸರಾಗವಾಗಿ ಮಾತನಾಡುತ್ತಿದ್ದರು, ಅರ್ಥ ಮಾತ್ರ ಕೂಡುತ್ತಿರಲಿಲ್ಲ.

ಕಳೆದ ವರ್ಷ ಪ್ರವೇಶ ಪಡೆದ ವಿದ್ಯಾರ್ಥಿ: ಸಂಖ್ಯಾಶಾಸ್ತ್ರವನ್ನು ಕೊನೆಗೆ ತಳ್ಳಬೇಡಿ ಅಕ್ಕ, ಸುಲಭದ ಅಂಕ ಅಲ್ಲಿವೆ. ಪ್ರತಿ ಸಲವೂ ಎರಡು ಕಿಲೋ ಹೆಚ್ಚು ತೋರಿಸುವ ತಕ್ಕಡಿಗೆ ವಿಶ್ವಸನೀಯತೆ (ಪ್ರತಿ ಸಲವೂ ಒಂದೇ ಫಲ) ಇದೆ, ಸಿಂಧುತ್ವ (ಅಳೆಯಬೇಕಾದುದನ್ನು ಸರಿಯಾಗಿ ಅಳೆಯುವುದು) ಇಲ್ಲ. ಇಲ್ಲದ ಪರಿಣಾಮವನ್ನು ಇದೆ ಎಂದರೆ ಮೊದಲ ವಿಧದ ದೋಷ, ಇರುವುದನ್ನು ಕಾಣದೆ ಬಿಟ್ಟರೆ ಎರಡನೆಯದು. ಬುದ್ಧಿಸೂಚ್ಯಂಕದ ಸರಾಸರಿ 100, ಮಾನಕ ವಿಚಲನೆ (ಸರಾಸರಿಯಿಂದ ಅಂಕಗಳು ಚದುರುವ ಅಳತೆ) 15 ಎಂದು ನೆನಪಿಟ್ಟರೆ 85ರಿಂದ 115ರ ನಡುವೆ ಸುಮಾರು ಶೇ. 68 ಮಂದಿ ಎಂಬ ಲೆಕ್ಕ ಬಾಯಲ್ಲೇ ಆಗುತ್ತದೆ. ಕ್ಯಾಲ್ಕುಲೇಟರ್ ಒಳಗೆ ಬಿಡುತ್ತಾರೋ ಇಲ್ಲವೋ, ಪ್ರವೇಶಪತ್ರದಲ್ಲಿ ಒಮ್ಮೆ ನೋಡಿಕೊಳ್ಳಿ.