ಬ್ರಿಟನ್ನಿನ ಹಬ್ಬ, ರಜೆ, ಶಾಲೆ ಬಗ್ಗೆ ಓದುತ್ತಾ ಇಂಗ್ಲಿಷ್ ಕಲಿತವರು ಇದ್ದೀರಾ?

ಕೇಳಿದವರು: ಹಾವೇರಿ ಕಡೆಯವಳು

ಎಲ್ಲರಿಗೂ ನಮಸ್ಕಾರ. ನಾನು ಪಿಯುಸಿವರೆಗೂ ಕನ್ನಡ ಮಾಧ್ಯಮ, ಆಮೇಲೆ ಬಿ.ಎ. ನಮ್ಮ ಯಜಮಾನರಿಗೆ ಇಂಗ್ಲೆಂಡಿನ ಲೀಡ್ಸ್‌ನಲ್ಲಿ ಕೆಲಸ ಸಿಕ್ಕಿದೆ. ಸೆಪ್ಟೆಂಬರ್ ಹೊತ್ತಿಗೆ ನಾನೂ ಮಗಳೂ ಹೊರಡಬೇಕು. ಅವಳಿಗೆ ಆರು ವರ್ಷ. ಇಂಗ್ಲಿಷ್ ಓದಿದರೆ ಅರ್ಥ ಆಗುತ್ತದೆ, ಆದರೆ ನಿಧಾನ. ವ್ಯಾಕರಣದ ಪುಸ್ತಕ ಹಿಡಿದರೆ ಹತ್ತು ನಿಮಿಷಕ್ಕೆ ಆಕಳಿಕೆ. ಹೇಗೂ ಅಲ್ಲಿ ಹೋಗಿ ಬಾಳಬೇಕಲ್ಲ, ಅಲ್ಲಿನ ಹಬ್ಬ, ರಜೆ, ಶಾಲೆ ವಿಷಯ ಓದುತ್ತಲೇ ಭಾಷೆ ಕಲಿಯೋಣ ಅಂದುಕೊಂಡಿದ್ದೇನೆ. 'ಬ್ರಿಟಿಷ್ ಸಂಸ್ಕೃತಿ' ಅಂತ ಹುಡುಕಿದರೆ ಬರೀ ಅರಮನೆ, ಟೀ, ಕೆಂಪು ಬಸ್ಸು! ನೀವೆಲ್ಲ ಏನು ಓದಿದಿರಿ?

ಮ್ಯಾಂಚೆಸ್ಟರ್‌ನಿಂದ, ಎರಡು ಮಕ್ಕಳ ತಾಯಿ

ಅಕ್ಕಾ, ಆ ಟೀ-ಬಸ್ಸಿನ ಲೇಖನಗಳನ್ನು ಬಿಟ್ಟುಬಿಡಿ. ಅವೆಲ್ಲ ಪ್ರವಾಸಿಗರಿಗೆ. ಇಲ್ಲಿನವರು ತಮ್ಮತಮ್ಮಲ್ಲೇ ಬರೆದುಕೊಳ್ಳುವುದನ್ನು ಓದಿ. ಇಲ್ಲಿ ಸರ್ಕಾರಿ ಪ್ರೈಮರಿ ಶಾಲೆಗೂ ವೆಬ್‌ಸೈಟ್ ಇರುತ್ತದೆ. ಲೀಡ್ಸ್‌ನ ಯಾವುದಾದರೂ ಎರಡು ಶಾಲೆ ಆರಿಸಿಕೊಳ್ಳಿ. ನ್ಯೂಸ್‌ಲೆಟರ್, ಟರ್ಮ್ ದಿನಾಂಕ, ಊಟದ ಮೆನು, ಯೂನಿಫಾರ್ಮ್ ನಿಯಮ ಎಲ್ಲ ಅಲ್ಲೇ ಸಿಗುತ್ತವೆ. ಸಣ್ಣ ಸಣ್ಣ ವಾಕ್ಯ. ಅವೇ ಪದಗಳು ತಿಂಗಳು ತಿಂಗಳೂ ತಿರುಗಿ ಬರುತ್ತವೆ, ಬಾಯಿಪಾಠ ಮಾಡುವ ಕೆಲಸವೇ ಇಲ್ಲ.

ಮೊದಲು ಮೆನು ಓದಿ. ಬುಧವಾರ ರೋಸ್ಟ್, ಶುಕ್ರವಾರ ಮೀನು-ಚಿಪ್ಸ್, ತುಂಬಾ ಶಾಲೆಗಳಲ್ಲಿ ಹೀಗೇ. ಜಾಕೆಟ್ ಪೊಟೇಟೋ ಅಂತೂ ಹೆಚ್ಚುಕಡಿಮೆ ದಿನಾ ಇರುತ್ತದೆ. ಓವನ್‌ನಲ್ಲಿ ಸಿಪ್ಪೆ ಸಮೇತ ಬೇಯಿಸಿದ ದೊಡ್ಡ ಆಲೂಗಡ್ಡೆ, ಮೇಲೆ ಬೀನ್ಸೋ ಚೀಸೋ. ಇಂಗ್ಲೆಂಡಿನಲ್ಲಿ ರಿಸೆಪ್ಷನ್ (ಶಾಲೆಯ ಮೊದಲ ವರ್ಷ), ಇಯರ್ ಒನ್, ಇಯರ್ ಟೂ ಮಕ್ಕಳಿಗೆ 2014ರಿಂದ ಮಧ್ಯಾಹ್ನದ ಊಟ ಉಚಿತ. ಆಗಸ್ಟ್ 31ರೊಳಗೆ ಆರು ತುಂಬಿದ್ದರೆ ನಿಮ್ಮ ಮಗಳು ಇಯರ್ ಟೂ. ಆ ಮೆನು ನಿಮಗೆ ಹೇಗೂ ಬೇಕಾಗುತ್ತದೆ.

ಆಮೇಲೆ ಹೆಡ್‌ಟೀಚರ್ ಪತ್ರಗಳು. ಇಲ್ಲಿ ಸ್ವಲ್ಪ ಹುಷಾರು. ನಮ್ಮಲ್ಲಿ ಡೈರಿಯಲ್ಲಿ 'ನಾಳೆ ತಪ್ಪದೆ ತರಬೇಕು' ಅಂತ ನೇರವಾಗಿ ಬರೆದು ಕೆಂಪು ಗೆರೆ ಎಳೆಯುತ್ತಾರೆ. ಇಲ್ಲಿ 'ಇಟ್ ವುಡ್ ಬಿ ಹೆಲ್ಪ್‌ಫುಲ್ ಇಫ್...' ಅಂತ ಶುರು ಮಾಡುತ್ತಾರೆ. ಓದಿದರೆ ತಂದರೂ ಸೈ, ಬಿಟ್ಟರೂ ಸೈ ಅನ್ನಿಸುತ್ತದೆ. ತರಲೇಬೇಕು! 'ಜೆಂಟಲ್ ರಿಮೈಂಡರ್' ಬಂತು ಅಂದರೆ ಯಾರೋ ಮಾತು ಕೇಳಿಲ್ಲ, ಟೀಚರ್‌ಗೆ ಬೇಜಾರಾಗಿದೆ ಅಂತ ಲೆಕ್ಕ. ನಾನು ಇಂಥ ಸಾಲುಗಳನ್ನು ನೋಟ್‌ಬುಕ್‌ನಲ್ಲಿ ಪೂರ್ತಿಯಾಗಿ ಬರೆದಿಟ್ಟುಕೊಂಡೆ. ಶಾಲೆಗೆ ಇಮೇಲ್ ಮಾಡುವಾಗ ಅವನ್ನೇ ತಿರುಗಿಸಿ ಬಳಸಿದೆ. ನನ್ನ ಇಂಗ್ಲಿಷ್ ಸುಧಾರಿಸಿದ್ದು ಅಲ್ಲಿಂದ.

ದಾವಣಗೆರೆಯ ನಿವೃತ್ತ ಮೇಷ್ಟ್ರು

ತಂಗಿ, ನಾನು ಆ ದೇಶ ನೋಡಿಲ್ಲ. ಹೈಸ್ಕೂಲಿನಲ್ಲಿ ಇಂಗ್ಲಿಷ್ ಪಾಠ ಮಾಡಿ ಕೂದಲು ಬೆಳ್ಳಗಾಗಿದೆ. ನನ್ನ ಕ್ರಮ ಇಷ್ಟು: ಒಂದೇ ಹಬ್ಬ ಹಿಡಿಯಿರಿ, ಅದನ್ನೇ ಮೂರು ಕಡೆ ಓದಿ.

ಬಾನ್‌ಫೈರ್ ನೈಟ್ ತೆಗೆದುಕೊಳ್ಳಿ, ನವೆಂಬರ್ 5. 1605ರಲ್ಲಿ ಗೈ ಫಾಕ್ಸ್ ಮತ್ತು ಅವನ ಜೊತೆಗಾರರು ದೊರೆ ಒಂದನೇ ಜೇಮ್ಸ್‌ನನ್ನೂ ಪಾರ್ಲಿಮೆಂಟನ್ನೂ ಒಟ್ಟಿಗೇ ಉಡಾಯಿಸಲು ಸಂಚು ಹೂಡಿದ್ದರು. ಹೌಸ್ ಆಫ್ ಲಾರ್ಡ್ಸ್ ಕೆಳಗೆ 36 ಪೀಪಾಯಿ ಮದ್ದುಪುಡಿ. ಹಚ್ಚುವ ಮುಂಚೆ ಸಿಕ್ಕಿಬಿದ್ದ. ಅದರ ನೆನಪಿಗೆ ಆ ರಾತ್ರಿ ಬೆಂಕಿ ಹಾಕಿ ಪಟಾಕಿ ಹೊಡೆಯುತ್ತಾರೆ. ಇದನ್ನು ಮೊದಲು ಮಕ್ಕಳಿಗಾಗಿ ಬರೆದ ಕಡೆ ಓದಿ. ಬಿಬಿಸಿಯ ಬೈಟ್‌ಸೈಜ್, ನ್ಯೂಸ್‌ರೌಂಡ್ ಎರಡೂ ಚೆನ್ನಾಗಿವೆ, ಭಾಷೆ ತಿಳಿಯಾಗಿದೆ. ಕತೆ ತಲೆಗೆ ಹೋದ ಮೇಲೆ ಅಗ್ನಿಶಾಮಕ ದಳದ ಸುರಕ್ಷತೆ ಸೂಚನೆ ಓದಿ. ಸುರುಸುರುಬತ್ತಿ ಹಿಡಿಯುವಾಗ ಗ್ಲೌಸ್ ಹಾಕಿ, ಉರಿದು ಮುಗಿದಿದ್ದನ್ನು ಬಕೆಟ್ ನೀರಿಗೆ ಹಾಕಿ, ಐದು ವರ್ಷದೊಳಗಿನ ಮಕ್ಕಳ ಕೈಗೆ ಕೊಡಬೇಡಿ. ದೀಪಾವಳಿ ಮಾಡಿದವರಿಗೆ ಇದನ್ನು ಯಾರಾದರೂ ಬಿಡಿಸಿ ಹೇಳಬೇಕಾ? ವಿಷಯ ಮೊದಲೇ ಗೊತ್ತಿರುವುದರಿಂದ ಡಿಕ್ಷನರಿ ಇಲ್ಲದೆ ಅರ್ಥ ಹೊಳೆಯುತ್ತದೆ. ಮೂರನೆಯದು ಪೇಪರ್ ಸುದ್ದಿ, ಪಟಾಕಿ ಸದ್ದಿಗೆ ನಾಯಿ-ಬೆಕ್ಕು ಹೆದರುತ್ತವೆ ಅನ್ನುವ ಜಗಳ. ಅದು ಅಲ್ಲಿ ಪ್ರತಿ ವರ್ಷ ಇದ್ದದ್ದೇ. ಪದಗಳು ಅವೇ, ವಾಕ್ಯ ಮಾತ್ರ ಬರಬರುತ್ತಾ ಉದ್ದ ಆಗುತ್ತವೆ.

ಪ್ರತಿ ಪದಕ್ಕೂ ಡಿಕ್ಷನರಿ ತೆಗೆಯಬೇಡಿ. ಮೂರು ಕಡೆಯೂ ಬಂದು, ಆಗಲೂ ಗೊತ್ತಾಗದ ಪದಕ್ಕೆ ಮಾತ್ರ ತೆಗೆಯಿರಿ.

ಬೆಂಗಳೂರು, ಯುಕೆ ಕ್ಲೈಂಟ್ ಜೊತೆ ಕೆಲಸ

ಸರ್ ಹೇಳಿದ್ದು ಓದೋದಕ್ಕೆ ಸರಿ. ಆದರೆ ಬರೀ ಓದಿದರೆ ಬಾಯಿ ತೆರೆಯಲ್ಲ ಮೇಡಂ, ಸುಮ್ನೆ ಆಸೆ ಇಟ್ಟುಕೊಳ್ಳಬೇಡಿ. ಕ್ರಿಸ್‌ಮಸ್ ಬಗ್ಗೆ ನಾನು ಓದಿದ್ದಕ್ಕೆ ಲೆಕ್ಕವಿಲ್ಲ. ಕ್ರ್ಯಾಕರ್ ಅಂದರೆ ಪಟಾಕಿ ಅಲ್ಲ, ಇಬ್ಬರು ಎರಡು ತುದಿ ಹಿಡಿದು ಎಳೆಯುವ ಕಾಗದದ ಸುರುಳಿ, ಒಳಗೆ ಪೇಪರ್ ಟೋಪಿ, ಒಂದು ಕಳಪೆ ಜೋಕು. ಎಲ್ಲ ಗೊತ್ತಿತ್ತು. ಕಾಲ್‌ನಲ್ಲಿ ಅವರು 'ವೀಕೆಂಡ್ ಹೇಗಿತ್ತು' ಅಂದರೆ ಮಾತ್ರ ನನ್ನದು ಮೌನ. ಓದಿದ್ದನ್ನು ಅದೇ ದಿನ ಯಾರಿಗಾದರೂ ನಾಲ್ಕು ಸಾಲು ಇಂಗ್ಲಿಷ್‌ನಲ್ಲಿ ಹೇಳಿ. ಯಾರೂ ಇಲ್ಲದಿದ್ದರೆ ಫೋನಿನಲ್ಲಿ ರೆಕಾರ್ಡ್ ಮಾಡಿಕೊಳ್ಳಿ.

ಬ್ಯಾಂಕ್ ಹಾಲಿಡೇ, ಅಂದರೆ ಅಲ್ಲಿನ ಸಾರ್ವಜನಿಕ ರಜೆ, ಅದರ ಪಟ್ಟಿಯನ್ನೂ ನೋಡಿ. ಇಂಗ್ಲೆಂಡ್, ವೇಲ್ಸ್‌ಗೆ ವರ್ಷಕ್ಕೆ ಸಾಮಾನ್ಯವಾಗಿ ಎಂಟೇ ಎಂಟು. ಅದಕ್ಕೇ ಸೋಮವಾರ ಬೀಳುವ ಆ ರಜೆಗಳಲ್ಲಿ ಮಳೆ ಬರುತ್ತಾ ಅನ್ನೋದೇ ಅವರಿಗೆ ದೊಡ್ಡ ಮಾತು. ಮಾತು ಶುರು ಮಾಡಲು ಅದಕ್ಕಿಂತ ಸುಲಭದ ವಿಷಯ ಇಲ್ಲ.

ಎಡಿನ್‌ಬರೊದಿಂದ

ಎಲ್ಲರೂ ಇಂಗ್ಲೆಂಡ್ ಅಂತಲೇ ಬರೆದಿದ್ದೀರಿ! ನಮ್ಮ ಸ್ಕಾಟ್‌ಲೆಂಡಿನಲ್ಲಿ ಶಾಲೆ ಆಗಸ್ಟ್‌ನಲ್ಲೇ ಶುರು, ತರಗತಿಗೆ ಪಿ ಒನ್, ಪಿ ಟೂ ಅಂತಾರೆ, ಜನವರಿ 25ಕ್ಕೆ ಕವಿ ರಾಬರ್ಟ್ ಬರ್ನ್ಸ್ ನೆನಪಿನ ಬರ್ನ್ಸ್ ನೈಟ್. ಓದುವಾಗ ಯಾವ ಕಡೆಯದು ಅಂತ ನೋಡಿಕೊಳ್ಳಿ. ಲೀಡ್ಸ್‌ಗೆ ಹೋಗುವವರಿಗೆ ನಮ್ಮದು ಬೇಡ ಬಿಡಿ.

ಮೈಸೂರು, ಮೊದಲು ಲಂಡನ್ನಿನಲ್ಲಿ ಇದ್ದವಳು

ಹಳೇ ಬೋರ್ಡಿಂಗ್ ಶಾಲೆ ಕತೆಗಳು ನಮ್ಮ ಲೈಬ್ರರಿಗಳಲ್ಲಿ ಸುಲಭವಾಗಿ ಸಿಗುತ್ತವೆ. ಖುಷಿಗೆ ಓದಿ, ತಪ್ಪಿಲ್ಲ. ಅದೇ ಅಲ್ಲಿನ ಶಾಲೆ ಅಂದುಕೊಳ್ಳಬೇಡಿ. ಖಾಸಗಿ ಶಾಲೆಗೆ ಹೋಗೋದು ನೂರಕ್ಕೆ ಏಳು ಮಕ್ಕಳ ಆಸುಪಾಸು, ಹಾಸ್ಟೆಲ್‌ನಲ್ಲಿರುವವರು ಇನ್ನೂ ಕಡಿಮೆ.

ಒಂದು ಪುಟವನ್ನು ಮಾತ್ರ ಬೇಗ ಓದಿಬಿಡಿ: ಶಾಲೆ ಹಾಜರಾತಿ ನಿಯಮ. ಮೂರು ಟರ್ಮ್, ಪ್ರತಿಯೊಂದರ ಮಧ್ಯೆ ವಾರದ ಹಾಫ್ ಟರ್ಮ್ ರಜೆ, ಬೇಸಿಗೆ ರಜೆ ಜುಲೈ ಕೊನೆಯಿಂದ ಸುಮಾರು ಆರು ವಾರ. ನಮ್ಮ ಮದುವೆ ಸೀಸನ್ ಇದಕ್ಕೆ ಹೊಂದಲ್ಲ. ತಮ್ಮನ ಮದುವೆ ಅಂತ ಫೆಬ್ರವರಿಯಲ್ಲಿ ಅನುಮತಿ ಇಲ್ಲದೆ ಐದು ಶಾಲಾ ದಿನ ತಪ್ಪಿಸಿದರೆ ದಂಡ ಬೀಳಬಹುದು. 2024ರ ಆಗಸ್ಟ್‌ನಿಂದ ಒಬ್ಬೊಬ್ಬ ಪೋಷಕರಿಗೆ, ಒಂದೊಂದು ಮಗುವಿಗೆ 80 ಪೌಂಡ್. 21 ದಿನದೊಳಗೆ ಕಟ್ಟದಿದ್ದರೆ 160. ದುಡ್ಡಿನ ವಿಷಯ ಇದ್ದರೆ ಇಂಗ್ಲಿಷ್ ತಾನಾಗಿ ಅರ್ಥ ಆಗುತ್ತೆ ನೋಡಿ! ಸರ್ಕಾರದ ಗವ್.ಯುಕೆ ಪುಟಗಳ ಭಾಷೆ ಸರಳ. ನಮ್ಮ ಸರ್ಕಾರಿ ಸುತ್ತೋಲೆ ನೆನೆಸಿಕೊಂಡು ಹೆದರಬೇಡಿ.

ಕೇಳಿದವರು

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಮೇಷ್ಟ್ರೇ, ನವೆಂಬರ್‌ಗೆ ಕಾಯದೆ ಈಗಲೇ ಬಾನ್‌ಫೈರ್ ಓದುತ್ತೇನೆ. ಮ್ಯಾಂಚೆಸ್ಟರ್ ಅವರೇ, ಎರಡು ಶಾಲೆಯ ಮೆನು ತೆಗೆದಿಟ್ಟುಕೊಂಡೆ. ಒಂದು ಸಂಶಯ ಇದೆ. ನಾವು ಮೊಟ್ಟೆನೂ ತಿನ್ನಲ್ಲ. 'ವೆಜಿಟೇರಿಯನ್' ಅಂತ ಬರೆದರೆ ಸಾಕಲ್ಲಾ?

ಮ್ಯಾಂಚೆಸ್ಟರ್‌ನಿಂದ, ಎರಡು ಮಕ್ಕಳ ತಾಯಿ

ಸಾಲದು ಅಕ್ಕಾ. ಇಲ್ಲಿ ವೆಜಿಟೇರಿಯನ್ ಊಟದಲ್ಲಿ ಮೊಟ್ಟೆ ಇರುತ್ತದೆ. ಫಾರ್ಮಿನಲ್ಲಿ 'ನೋ ಎಗ್' ಅಂತ ಬೇರೆ ಸಾಲಿನಲ್ಲಿ ಬರೆಯಿರಿ. ಟೀಚರ್‌ಗೆ ಬಾಯಲ್ಲೂ ಹೇಳಿ. ಯಾರದ್ದಾದರೂ ಹುಟ್ಟುಹಬ್ಬ ಅಂದರೆ ಮನೆಗೆ ಹೊರಡುವಾಗ ಮಕ್ಕಳ ಕೈಗೆ ಜೆಲ್ಲಿ ಮಿಠಾಯಿ ಕೊಡುತ್ತಾರೆ, ಅದರಲ್ಲಿ ಜೆಲಾಟಿನ್ ಇರೋದು ಜಾಸ್ತಿ. ಅದು ಪ್ರಾಣಿಯ ಚರ್ಮ, ಮೂಳೆಯಿಂದ ಮಾಡಿದ್ದು. ಪ್ಯಾಕೆಟ್ ಹಿಂದಿನ ಸಣ್ಣ ಅಕ್ಷರ ಓದೋದನ್ನೂ ನಿಮ್ಮ ಪಟ್ಟಿಗೆ ಸೇರಿಸಿಕೊಳ್ಳಿ.