ಹೃದಯ ವೈಫಲ್ಯದಲ್ಲಿ ಇಷ್ಟೊಂದು ಬಾಯಾರಿಕೆ ಏಕೆ?

ಪ್ರಶ್ನೆ:
ನಮ್ಮ ತಂದೆಯವರಿಗೆ 71 ವರ್ಷ. ಹೃದಯ ವೈಫಲ್ಯಕ್ಕೆ ಚಿಕಿತ್ಸೆ ನಡೆಯುತ್ತಿದೆ. ಸಂಜೆಯಾದರೆ ಪಾದ ಊದಿಕೊಂಡು, ಚಪ್ಪಲಿ ಬಿಚ್ಚಿದ ಮೇಲೂ ಪಟ್ಟಿಯ ಗುರುತು ಅಚ್ಚೊತ್ತಿದಂತೆ ಉಳಿಯುತ್ತದೆ. ಆದರೂ ಬಾಯಾರಿಕೆ ತಡೆಯಲಾರದೆ ಇನ್ನೊಂದು ಲೋಟ ನೀರು ಕೇಳುತ್ತಾರೆ. ಕಳೆದ ವಾರ ರಕ್ತದ ಸೋಡಿಯಂ 128ಕ್ಕೆ ಇಳಿದಿತ್ತು. ಮೆದುಳಿನ ಹಾರ್ಮೋನೊಂದು ಇದಕ್ಕೆ ಕಾರಣವೆಂದು ಹೇಳಿ ವೈದ್ಯರು ನೀರಿಗೆ ಮಿತಿ ಹಾಕಿದ್ದಾರೆ. ಮೈಯಲ್ಲಿ ನೀರು ತುಂಬಿರುವಾಗ ಮೆದುಳು ಮತ್ತೆ ನೀರನ್ನೇ ಬೇಡುವುದು ಹೇಗೆ?

ಉತ್ತರ:
ವೈದ್ಯರು ಹೇಳಿರುವುದು ವಾಸೊಪ್ರೆಸಿನ್ ಕುರಿತು ಇರಬೇಕು. ಇದು ಮೆದುಳಿನ ಹೈಪೊಥಲಾಮಸ್ ಎಂಬ ಭಾಗದಲ್ಲಿ ತಯಾರಾಗಿ ಪಿಟ್ಯುಟರಿ ಗ್ರಂಥಿಯ ಹಿಂಭಾಗದಿಂದ ರಕ್ತಕ್ಕೆ ಸೇರುತ್ತದೆ. ನೀರು ಹೆಚ್ಚಾಗಿ ರಕ್ತ ತೆಳುವಾದರೆ ಸಾಮಾನ್ಯವಾಗಿ ಇದರ ಸ್ರವಿಕೆ ನಿಲ್ಲಬೇಕು. ಆದರೆ ಹೃದಯ ಸಾಕಷ್ಟು ರಕ್ತವನ್ನು ತಳ್ಳಲಾರದಾಗ, ಕುತ್ತಿಗೆಯ ಅಪಧಮನಿಯಲ್ಲಿಯೂ ಮಹಾಪಧಮನಿಯಲ್ಲಿಯೂ ಇರುವ ಒತ್ತಡ ಗ್ರಾಹಕಗಳು, ರಕ್ತಸ್ರಾವವಾದಾಗ ಕಳಿಸುವಂತಹ ಸಂಕೇತವನ್ನೇ ಮೆದುಳಿಗೆ ಕಳಿಸುತ್ತವೆ. ಮೆದುಳು ಅದನ್ನು ನಂಬಿ ವಾಸೊಪ್ರೆಸಿನ್ ಬಿಡುತ್ತಲೇ ಇರುತ್ತದೆ. ಆಗ ಮೂತ್ರಪಿಂಡವು ಹೊರಹೋಗಬೇಕಾದ ನೀರನ್ನು ಹಿಂದಕ್ಕೆ ಎಳೆದುಕೊಳ್ಳುತ್ತದೆ. ರಕ್ತನಾಳಗಳೂ ಬಿಗಿಯುವುದರಿಂದ ದಣಿದ ಹೃದಯಕ್ಕೆ ಹೊರೆ ಇನ್ನಷ್ಟು ಹೆಚ್ಚುತ್ತದೆ. ಇದೇ ಸ್ಥಿತಿಯಲ್ಲಿ ಏರುವ ಆಂಜಿಯೋಟೆನ್ಸಿನ್ ಎಂಬ ಹಾರ್ಮೋನು ಬಾಯಾರಿಕೆಯನ್ನು ಕೆರಳಿಸುತ್ತದೆ.

ಹೀಗೆ ಸೋಡಿಯಂ ಇಳಿಯುವುದು ಬಹುಮಟ್ಟಿಗೆ ನೀರು ಹೆಚ್ಚಾಗಿ ಉಪ್ಪು ತೆಳುವಾದದ್ದರಿಂದ. ದಯವಿಟ್ಟು ಊಟದಲ್ಲಿ ಉಪ್ಪು ಹೆಚ್ಚಿಸಬೇಡಿ. ತಂದೆಯವರು ಮಂಕಾದರೆ ಅಥವಾ ಮಾತು ತಡವರಿಸಿದರೆ ಕೂಡಲೇ ಆಸ್ಪತ್ರೆಗೆ ಕರೆದೊಯ್ಯಿರಿ.

ಮತ್ತೊಂದು ಉತ್ತರ:
ವಾಸೊಪ್ರೆಸಿನ್ ಮೂತ್ರಪಿಂಡದ ಮೇಲೆ ಮಾಡುವ ಕೆಲಸವನ್ನು ತಡೆಯುವ ಟೊಲ್ವಾಪ್ಟಾನ್ ಎಂಬ ಔಷಧವಿದೆ. ಹೃದಯ ವೈಫಲ್ಯದ ನಾಲ್ಕು ಸಾವಿರಕ್ಕೂ ಹೆಚ್ಚು ರೋಗಿಗಳಲ್ಲಿ ಇದನ್ನು ಪರೀಕ್ಷಿಸಿದ ಎವರೆಸ್ಟ್ ಎಂಬ ಅಧ್ಯಯನದ ಫಲಿತಾಂಶ 2007ರಲ್ಲಿ ಪ್ರಕಟವಾಯಿತು. ದೇಹದ ತೂಕವೂ ಉಸಿರಿನ ಕಷ್ಟವೂ ತಗ್ಗಿದವು, ಆದರೆ ಸಾವಿನ ಪ್ರಮಾಣ ತಗ್ಗಲಿಲ್ಲ. ಆಯುಸ್ಸು ಹೆಚ್ಚಿಸುವುದೆಂದು ಸಾಬೀತಾಗಿರುವುದು ನೊರಾಡ್ರಿನಲಿನ್ (ಹೃದಯದ ಬಡಿತವನ್ನು ಚುರುಕುಗೊಳಿಸುವ ಹಾರ್ಮೋನು) ಮತ್ತು ಆಂಜಿಯೋಟೆನ್ಸಿನ್ ಪ್ರಭಾವವನ್ನು ತಡೆಯುವ ಮಾತ್ರೆಗಳು. ಆದ್ದರಿಂದ ನೊರಾಡ್ರಿನಲಿನ್ ಪ್ರಭಾವವನ್ನು ತಡೆಯುವ ಬೀಟಾ ಬ್ಲಾಕರ್‌ನಂತಹ ಮಾತ್ರೆಗಳನ್ನು ವೈದ್ಯರನ್ನು ಕೇಳದೆ ನಿಲ್ಲಿಸಬಾರದೆಂದು ಒತ್ತಿ ಹೇಳುತ್ತೇನೆ.

ಪ್ರಶ್ನೆ ಕೇಳಿದವರು:
ಇಬ್ಬರಿಗೂ ಧನ್ಯವಾದಗಳು. ರಕ್ತಪರೀಕ್ಷೆಯ ವರದಿಯಲ್ಲಿ ಬಿಎನ್‌ಪಿ (ಬ್ರೈನ್ ನ್ಯಾಟ್ರಿಯುರೆಟಿಕ್ ಪೆಪ್ಟೈಡ್ ಎಂಬ ಹಾರ್ಮೋನು) ಎಂದೂ ಇದೆ. ಅದರಲ್ಲಿಯೂ ‘ಬ್ರೈನ್’ ಎಂಬ ಪದವಿರುವುದರಿಂದ ಅದೂ ಮೆದುಳಿನದೇ?

ಉತ್ತರ:
ಹೆಸರು ಮಾತ್ರ ಮೆದುಳಿನದು. 1988ರಲ್ಲಿ ಜಪಾನಿನ ವಿಜ್ಞಾನಿಗಳು ಅದನ್ನು ಮೊದಲು ಕಂಡದ್ದು ಹಂದಿಯ ಮೆದುಳಿನಲ್ಲಿ. ನಮ್ಮ ದೇಹದಲ್ಲಿ ಅದನ್ನು ಹೆಚ್ಚಾಗಿ ಸ್ರವಿಸುವುದು ಹಿಗ್ಗಿದ ಹೃತ್ಕುಕ್ಷಿಯ (ಹೃದಯದ ಕೆಳಕೋಣೆಯ) ಗೋಡೆ. ಉಪ್ಪನ್ನೂ ನೀರನ್ನೂ ಹೊರಹಾಕಿ, ರಕ್ತನಾಳಗಳನ್ನು ಸಡಿಲಿಸಿ, ವಾಸೊಪ್ರೆಸಿನ್‌ಗೆ ವಿರುದ್ಧವಾಗಿ ಹೃದಯವೇ ನಡೆಸುವ ಪ್ರಯತ್ನವದು. ವೈಫಲ್ಯ ಬಲಿತಾಗ ಆ ಪ್ರಯತ್ನ ಸಾಲುವುದಿಲ್ಲ. ಆಗಲೇ ವರದಿಯಲ್ಲಿ ಅದರ ಅಂಕಿ ಏರಿರುತ್ತದೆ.